‘ಪ್ರವಾಹ’ ಮತ್ತು ‘ಮಂಡಲ’: ವಿದ್ಯುತ್ ಪರಿಭಾಷೆಯ ವಿವೇಚನೆ
ಹಗರಿಬೊಮ್ಮನಹಳ್ಳಿ ಪರಿಸರದ ಮಾಲವಿ ಜಲಾಶಯವನ್ನು ಬಲ್ಲ ವಿದ್ಯಾರ್ಥಿಗೆ ‘ವಿದ್ಯುತ್ ಪ್ರವಾಹ’ವೆಂಬ ಪಾರಿಭಾಷಿಕ ಪದವು ನೀರಿನ ಹರಿವನ್ನೇ ನೆನಪಿಸುತ್ತದೆ. ಈ ರೂಪಕ ಬಹುಮಟ್ಟಿಗೆ ಸಾರ್ಥಕವಾದುದು: ನೀರಿನ ಮಟ್ಟಗಳ ಅಂತರದಂತೆ ವಿಭವಾಂತರ, ಕಿರಿದಾದ ತೂಬಿನ ತಡೆಯಂತೆ ರೋಧ. ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ 230 ವೋಲ್ಟ್ ವಿಭವಾಂತರಕ್ಕೆ 46 ಓಮ್ ರೋಧವಿದ್ದರೆ ಪ್ರವಾಹ 5 ಆಂಪಿಯರ್. ರೋಧ ಇಮ್ಮಡಿಸಿದರೆ ಪ್ರವಾಹ ಅರ್ಧವಾಗುತ್ತದೆ.

ಆದರೆ ರೂಪಕಕ್ಕೆ ಮಿತಿಯೂ ಉಂಟು. ಒಡೆದ ಕಾಲುವೆಯಿಂದ ನೀರು ಹೊರಚೆಲ್ಲುತ್ತದೆ. ಕಡಿದು ಜೋತುಬಿದ್ದ ತಂತಿಯಿಂದ ಏನೂ ಸುರಿಯದು. ಪ್ರವಾಹ ನಿಂತರೂ ಪೂರೈಕೆಯ ಕಡೆಯ ತುದಿಯಲ್ಲಿ ವಿಭವ ಉಳಿದಿರುತ್ತದೆ. ಅದನ್ನು ಮುಟ್ಟಿದರೆ ದೇಹ ಮತ್ತು ನೆಲದ ಮೂಲಕ ಮಂಡಲ ಪೂರ್ಣಗೊಳ್ಳುತ್ತದೆ. ‘ಪ್ರವಾಹ’ ಹೇಳದ ಈ ಸತ್ಯವನ್ನು ವರ್ತುಲವೆಂಬ ಅರ್ಥದ ‘ಮಂಡಲ’ ಸೂಚಿಸುತ್ತದೆ. ಆದುದರಿಂದ ಇವೆರಡನ್ನೂ ಜೊತೆಯಾಗಿ ಬೋಧಿಸುವುದು ಪರಿಭಾಷೆಯ ಪ್ರಶ್ನೆಯಷ್ಟೇ ಅಲ್ಲ, ಪ್ರಾಣರಕ್ಷಣೆಯ ಪ್ರಶ್ನೆಯೂ ಹೌದು.