ತಮ್ಮ ತಂಡದ ಹಣೆಬರಹ ಬೇರೆ ತಂಡದ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ: ಎನ್‌ಎಫ್‌ಎಲ್ ಕೊನೆಯ ವಾರಗಳ ಲೆಕ್ಕಾಚಾರವೇನು?

2022ರ ಮೇ 21ರ ರಾತ್ರಿ ಆರ್‌ಸಿಬಿ ಅಭಿಮಾನಿಗಳಿಗೆ ಚೆನ್ನಾಗಿ ನೆನಪಿರುತ್ತದೆ. ಅಂದು ಆರ್‌ಸಿಬಿಗೆ ಪಂದ್ಯವೇ ಇರಲಿಲ್ಲ. ಮುಂಬೈನ ವಾಂಖೆಡೆಯಲ್ಲಿ ಆಡುತ್ತಿದ್ದದ್ದು ಮುಂಬೈ ಇಂಡಿಯನ್ಸ್ ಮತ್ತು ಡೆಲ್ಲಿ ಕ್ಯಾಪಿಟಲ್ಸ್. ಡೆಲ್ಲಿ ಗೆದ್ದರೆ ನೆಟ್ ರನ್‌ರೇಟ್ ಲೆಕ್ಕದಲ್ಲಿ ಆರ್‌ಸಿಬಿ ಮನೆಗೆ, ಸೋತರೆ ಆರ್‌ಸಿಬಿ ಪ್ಲೇಆಫ್‌ಗೆ. ಮುಂಬೈ ಸೋಲಲಿ ಎಂದು ಸೀಸನ್ ಪೂರ್ತಿ ಹಾರೈಸಿದವರೇ ಅಂದು ಟಿಮ್ ಡೇವಿಡ್ ಸಿಕ್ಸರ್‌ಗಳಿಗೆ ಕುಣಿದಾಡಿದರು. ಮುಂಬೈ 5 ವಿಕೆಟ್‌ಗಳಿಂದ ಗೆದ್ದಿತು, ಆರ್‌ಸಿಬಿ ಪ್ಲೇಆಫ್‌ಗೆ ಹೋಯಿತು.

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಂಥ ರಾತ್ರಿಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಬರುತ್ತವೆ. ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಅಲ್ಲಿನ ಅಭಿಮಾನಿಗಳು ತಮ್ಮ ತಂಡದ ಪಂದ್ಯದಷ್ಟೇ ಆತಂಕದಿಂದ ಬೇರೆ ತಂಡಗಳ ಪಂದ್ಯವನ್ನೂ ನೋಡುತ್ತಾರೆ. ಆದರೆ ಐಪಿಎಲ್‌ಗೂ ಎನ್‌ಎಫ್‌ಎಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಗಲೇ ಹೊರಬಿದ್ದಿದ್ದ ಮುಂಬೈ ಇಂಡಿಯನ್ಸ್‌ಗೆ ಆ ಪಂದ್ಯ ಸೋತಿದ್ದರೂ ಏನೂ ಸಿಗುತ್ತಿರಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ, ಹೊರಬಿದ್ದ ತಂಡಕ್ಕೆ ಸೋಲಿನಿಂದಲೂ ಲಾಭವಿದೆ. ಇನ್ನೊಬ್ಬರ ಪಂದ್ಯ ನೋಡುವ ಅಭಿಮಾನಿಯ ನಿಜವಾದ ಭಯ ಇದೇ.

ಲೆಕ್ಕ ಶುರುವಾಗುವುದು ಎಲ್ಲಿಂದ?

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಇವನ್ನು ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂಬ ಎರಡು ವಿಭಾಗಗಳಾಗಿ, ಪ್ರತಿ ವಿಭಾಗವನ್ನು ತಲಾ 4 ತಂಡಗಳ 4 ಗುಂಪುಗಳಾಗಿ ಹಂಚಲಾಗಿದೆ. ಈ ಗುಂಪಿಗೆ ಅಲ್ಲಿ ಡಿವಿಷನ್ ಎನ್ನುತ್ತಾರೆ. 2021ರಿಂದ ಪ್ರತಿ ತಂಡ ಲೀಗ್ ಹಂತದಲ್ಲಿ 17 ಪಂದ್ಯ ಆಡುತ್ತದೆ. ಪ್ರತಿ ವಿಭಾಗದಿಂದ 7ರಂತೆ ಒಟ್ಟು 14 ತಂಡಗಳು ಪ್ಲೇಆಫ್ ತಲುಪುತ್ತವೆ. ನಾಲ್ಕು ಡಿವಿಷನ್‌ಗಳಲ್ಲಿ ಮೊದಲ ಸ್ಥಾನ ಪಡೆದವರಿಗೆ ನೇರ ಪ್ರವೇಶ. ಉಳಿದ ಮೂರು ಸ್ಥಾನಗಳಿಗೆ ಪೈಪೋಟಿ.

ಕೇವಲ 17 ಪಂದ್ಯಗಳಾದ್ದರಿಂದ ಕೊನೆಯ ವಾರದಲ್ಲೂ ಹಲವು ತಂಡಗಳ ಗೆಲುವಿನ ಸಂಖ್ಯೆ ಒಂದೇ ಇರುತ್ತದೆ, ಅಥವಾ ಒಂದು ಪಂದ್ಯದಷ್ಟೇ ಅಂತರವಿರುತ್ತದೆ. ಜೊತೆಗೆ 2010ರಿಂದ ಕೊನೆಯ ವಾರದ ಎಲ್ಲ ಪಂದ್ಯಗಳನ್ನೂ ಒಂದೇ ಡಿವಿಷನ್‌ನ ತಂಡಗಳ ನಡುವೆಯೇ ಇಡಲಾಗುತ್ತಿದೆ. ಅಂದರೆ ವರ್ಷಗಳಿಂದ ಜಿದ್ದು ಸಾಧಿಸುತ್ತ ಬಂದವರೇ ಕೊನೆಯ ವಾರ ಎದುರುಬದುರು. ನಮ್ಮ ತಂಡ ಉಳಿಯಬೇಕಾದರೆ ನಾವು ಕಂಡರಾಗದ ತಂಡವೇ ಗೆಲ್ಲಬೇಕು ಎಂಬ ವಿಚಿತ್ರ ಸ್ಥಿತಿ ಹುಟ್ಟುವುದು ಹೀಗೆ.

ಇನ್ನೊಂದು ಕಡೆ ಡ್ರಾಫ್ಟ್ ಇದೆ. ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಇದು. ಇಲ್ಲಿ ಸರದಿ ಉಲ್ಟಾ. ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ ತಂಡಕ್ಕೆ ಕೊನೆಯ ಆಯ್ಕೆ. ದುರ್ಬಲ ತಂಡ ಮತ್ತೆ ಎದ್ದು ನಿಲ್ಲಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಪ್ಲೇಆಫ್ ಆಸೆ ಮುಗಿದ ತಂಡಕ್ಕೆ ಪ್ರತಿ ಗೆಲುವೂ ಸರದಿಯಲ್ಲಿ ಹಿಂದಕ್ಕೆ ತಳ್ಳುವ ಹೊರೆಯಾಗುತ್ತದೆ.

ಎಲ್ಲರ ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲೆಯೇ ಏಕೆ?

ಈ ಆಟದಲ್ಲಿ ದಾಳಿಗಿಳಿದ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಸಲವೂ ಚೆಂಡು ಸಾಮಾನ್ಯವಾಗಿ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೇ, ಓಡುವವನಿಗೆ ಕೊಡಬೇಕೇ, ತಾನೇ ಓಡಬೇಕೇ ಎಂಬುದನ್ನು ಆತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ಔಟಾದರೆ ಇನ್ನೊಬ್ಬ ಬರುತ್ತಾನೆ. ಇಲ್ಲಿ ಇಡೀ ಪಂದ್ಯದ ದಾಳಿ ಸಾಮಾನ್ಯವಾಗಿ ಒಬ್ಬನ ತೋಳಿನ ಮೇಲೆ ನಿಂತಿರುತ್ತದೆ. ಹಾಗಾಗಿ ಬೇರೆ ತಂಡದ ಪಂದ್ಯ ನೋಡುವವರಿಗೆ ಆ ಒಬ್ಬ ವ್ಯಕ್ತಿಯೇ ದೇವರು, ಆತನೇ ಖಳನಾಯಕ. ಇದಕ್ಕೆ ನಾಲ್ಕು ಉದಾಹರಣೆಗಳು ಇಲ್ಲಿವೆ.

17 ಡಾಲರ್‌ಗಳ ಧನ್ಯವಾದ

2017ರ ಡಿಸೆಂಬರ್ 31. ಬಫಲೋ ಬಿಲ್ಸ್ ತಂಡ ಪ್ಲೇಆಫ್ ಮುಖ ನೋಡದೆ 17 ಸೀಸನ್‌ಗಳೇ ಕಳೆದಿದ್ದವು. ಅಂದು ಬಿಲ್ಸ್ ಮಯಾಮಿಯಲ್ಲಿ 22-16ರಿಂದ ಗೆದ್ದಿತು. ಆದರೆ ಅಷ್ಟು ಸಾಲದು. ಬಾಲ್ಟಿಮೋರ್‌ನಲ್ಲಿ ರೇವನ್ಸ್ ತಂಡ ಸಿನ್ಸಿನಾಟಿ ಬೆಂಗಲ್ಸ್ ಎದುರು ಸೋಲಬೇಕಿತ್ತು. ಬೆಂಗಲ್ಸ್ ಆಗಲೇ ಪ್ಲೇಆಫ್‌ನಿಂದ ಹೊರಬಿದ್ದಿತ್ತು. ಆ ಪಂದ್ಯ ಗೆದ್ದರೂ ಅದಕ್ಕೆ ಸಿಗುವುದು ಏನೂ ಇರಲಿಲ್ಲ.

ಒಂದು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ ಬೆಂಗಲ್ಸ್ ಹಿಂದಿತ್ತು. ನಾಲ್ಕನೇ ಹಾಗೂ ಕೊನೆಯ ಅವಕಾಶ, ಸಾಗಬೇಕಿದ್ದದ್ದು 12 ಯಾರ್ಡ್. ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್ ಎಸೆದ ಚೆಂಡನ್ನು ಟೈಲರ್ ಬಾಯ್ಡ್ ಹಿಡಿದು ಓಡಿ 49 ಯಾರ್ಡ್‌ಗಳ ಟಚ್‌ಡೌನ್ ಮಾಡಿದರು. ಗಡಿಯಾರದಲ್ಲಿ ಉಳಿದಿದ್ದದ್ದು 44 ಸೆಕೆಂಡ್. ಬೆಂಗಲ್ಸ್ 31-27ರಿಂದ ಗೆದ್ದಿತು. ಮಯಾಮಿಯ ಡ್ರೆಸ್ಸಿಂಗ್ ರೂಮ್‌ನಲ್ಲಿ ಟಿವಿ ನೋಡುತ್ತಿದ್ದ ಬಿಲ್ಸ್ ಆಟಗಾರರು ಕಿರುಚಿ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ನಂತರ ನಡೆದದ್ದು ಇನ್ನೂ ಚೆಂದ. ಕಾಯಿಲೆಪೀಡಿತ ಮಕ್ಕಳ ಕುಟುಂಬಗಳಿಗೆ ನೆರವಾಗಲು ಡಾಲ್ಟನ್ ಮತ್ತು ಅವರ ಪತ್ನಿ ನಡೆಸುವ ಪ್ರತಿಷ್ಠಾನಕ್ಕೆ ಬಫಲೋ ಅಭಿಮಾನಿಗಳು ಹಣ ಕಳುಹಿಸತೊಡಗಿದರು. ಹಲವರು ಕಳುಹಿಸಿದ್ದು 17 ಡಾಲರ್, ಕಾದ ಪ್ರತಿ ಸೀಸನ್‌ಗೆ ಒಂದು ಡಾಲರ್ ಲೆಕ್ಕದಲ್ಲಿ. ಕೆಲವೇ ದಿನಗಳಲ್ಲಿ ಒಟ್ಟು ಮೊತ್ತ 3 ಲಕ್ಷ ಡಾಲರ್ ದಾಟಿತು. ಡಾಲ್ಟನ್ ಬಫಲೋ ಜನರಿಗೆ ಜಾಹೀರಾತು ಫಲಕ ಹಾಕಿಸಿ ಧನ್ಯವಾದ ಹೇಳಿದರು. ತನ್ನದಲ್ಲದ ಊರಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಒಂದೇ ಎಸೆತದಿಂದ ಮನೆಮಗನಾದ ಕಥೆ ಇದು.

ಟೈ ಆದರೆ ಇಬ್ಬರಿಗೂ ಲಾಭ, ಮೂರನೆಯವರಿಗೆ ನಷ್ಟ

2022ರ ಜನವರಿ 9ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅಭಿಮಾನಿಗಳು ಅನುಭವಿಸಿದ್ದು ಬೇರೆಯೇ ಸಂಕಟ. ಸ್ಟೀಲರ್ಸ್ ಹೆಚ್ಚುವರಿ ಸಮಯದಲ್ಲಿ ಬಾಲ್ಟಿಮೋರ್ ವಿರುದ್ಧ 16-13ರಿಂದ ಗೆದ್ದಿತ್ತು. ಇಂಡಿಯಾನಪೊಲಿಸ್ ಕೋಲ್ಟ್ಸ್ ಸೋತು ದಾರಿ ತೆರವಾಗಿತ್ತು. ಬಾಕಿ ಉಳಿದಿದ್ದದ್ದು ಲಾಸ್ ವೇಗಸ್ ರೈಡರ್ಸ್ ಮತ್ತು ಲಾಸ್ ಏಂಜಲಿಸ್ ಚಾರ್ಜರ್ಸ್ ನಡುವಿನ ರಾತ್ರಿ ಪಂದ್ಯ ಮಾತ್ರ. ಯಾರು ಗೆದ್ದರೂ ಸ್ಟೀಲರ್ಸ್ ಒಳಗೆ. ಆದರೆ ಪಂದ್ಯ ಟೈ ಆದರೆ ರೈಡರ್ಸ್ ಮತ್ತು ಚಾರ್ಜರ್ಸ್ ಇಬ್ಬರೂ ಒಳಗೆ, ಸ್ಟೀಲರ್ಸ್ ಹೊರಗೆ!

ನಾಲ್ಕನೇ ಕ್ವಾರ್ಟರ್‌ನಲ್ಲಿ ಚಾರ್ಜರ್ಸ್ 29-14ರಿಂದ ಹಿಂದಿತ್ತು. ಸ್ಟೀಲರ್ಸ್ ಬೆಂಬಲಿಗರು ನಿಟ್ಟುಸಿರು ಬಿಡುವಷ್ಟರಲ್ಲಿ ಚಾರ್ಜರ್ಸ್‌ನ ಯುವ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಹರ್ಬರ್ಟ್ ಎದ್ದು ನಿಂತರು. ಆ ರಾತ್ರಿ ಅವರು ಎಸೆದದ್ದು ಬರೋಬ್ಬರಿ 64 ಬಾರಿ. ನಾಲ್ಕನೇ ಅವಕಾಶಗಳನ್ನು ಒಂದಾದ ಮೇಲೊಂದರಂತೆ ದಾಟಿ, ನಿಗದಿತ ಸಮಯದ ಕಟ್ಟಕಡೆಯ ಎಸೆತದಲ್ಲಿ ಟಚ್‌ಡೌನ್ ತಂದು 29-29ಕ್ಕೆ ನಿಲ್ಲಿಸಿದರು. ಹೆಚ್ಚುವರಿ ಸಮಯದಲ್ಲಿ ಎರಡೂ ತಂಡಗಳು ತಲಾ 3 ಅಂಕ ಗಳಿಸಿ 32-32. ಸುಮ್ಮನೆ ನಿಂತರೂ ಇಬ್ಬರಿಗೂ ಪ್ಲೇಆಫ್ ಖಚಿತವಿದ್ದ ಸ್ಥಿತಿ.

1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಹೀಗೇ ಆಗಿತ್ತು. ಪಶ್ಚಿಮ ಜರ್ಮನಿ 1-0ರಿಂದ ಗೆದ್ದರೆ ಆಸ್ಟ್ರಿಯಾ ಕೂಡ ಮುಂದಿನ ಸುತ್ತಿಗೆ ಎಂಬ ಲೆಕ್ಕವಿತ್ತು. ಆರಂಭದಲ್ಲೇ ಒಂದು ಗೋಲು ಬಿದ್ದ ಮೇಲೆ ಎರಡೂ ತಂಡಗಳು ಚೆಂಡನ್ನು ಅತ್ತಿಂದಿತ್ತ ಉರುಳಿಸುತ್ತ ಕಾಲ ಕಳೆದವು. ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿದ್ದ ಅಲ್ಜೀರಿಯಾ ಮನೆಗೆ ಹೋಯಿತು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಸಮಯಕ್ಕೆ ಆಡಿಸುವ ನಿಯಮ ಬಂತು. ಎನ್‌ಎಫ್‌ಎಲ್ ಮಾತ್ರ ಟಿವಿ ವೀಕ್ಷಕರಿಗಾಗಿ ಒಂದು ಪಂದ್ಯವನ್ನು ಭಾನುವಾರ ರಾತ್ರಿ ಕೊನೆಗೆ ಉಳಿಸಿಕೊಳ್ಳುತ್ತದೆ. ಉಳಿದೆಲ್ಲ ಫಲಿತಾಂಶ ತಿಳಿದ ಮೇಲೆಯೇ ಆ ತಂಡಗಳು ಮೈದಾನಕ್ಕಿಳಿಯುತ್ತವೆ.

ಲಾಸ್ ವೇಗಸ್‌ನಲ್ಲಿ 38 ಸೆಕೆಂಡ್ ಉಳಿದಿದ್ದಾಗ ಚಾರ್ಜರ್ಸ್ ಕೋಚ್ ಟೈಮ್‌ಔಟ್ ಕೇಳಿದರು. ಮುಂದಿನ ಆಟದಲ್ಲೇ ರೈಡರ್ಸ್‌ನ ಜಾಶ್ ಜೇಕಬ್ಸ್ 10 ಯಾರ್ಡ್ ಓಡಿದರು. ಸಮಯ ಮುಗಿಯುವ ಹೊತ್ತಿಗೆ ಡೇನಿಯಲ್ ಕಾರ್ಲ್‌ಸನ್ 47 ಯಾರ್ಡ್ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದುಹೋಯಿತು. ರೈಡರ್ಸ್ 35, ಚಾರ್ಜರ್ಸ್ 32. ಸ್ಟೀಲರ್ಸ್ ಉಳಿಯಿತು, ಹರ್ಬರ್ಟ್ ಅಷ್ಟೆಲ್ಲ ಆಡಿಯೂ ಮನೆಗೆ ಹೋದರು.

ಕ್ವಾರ್ಟರ್‌ಬ್ಯಾಕ್ ಬದಲಾದಾಗ ಭುಗಿಲೆದ್ದ ಸಿಟ್ಟು

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. 2021ರ ಜನವರಿ 3ರಂದು ನ್ಯೂಯಾರ್ಕ್ ಜೈಂಟ್ಸ್ ತನ್ನ ಪಂದ್ಯ ಗೆದ್ದು ಕಾಯುತ್ತಿತ್ತು. ಫಿಲಡೆಲ್ಫಿಯಾ ಈಗಲ್ಸ್ ತಂಡ ವಾಷಿಂಗ್ಟನ್ ತಂಡವನ್ನು ಸೋಲಿಸಿದರೆ ಡಿವಿಷನ್ ಪಟ್ಟ ಜೈಂಟ್ಸ್‌ಗೆ. ಈಗಲ್ಸ್ ಎಂದರೆ ಜೈಂಟ್ಸ್ ಅಭಿಮಾನಿಗಳಿಗೆ ಹಳೆಯ ವೈರಿ. ಆದರೂ ಆ ಒಂದು ರಾತ್ರಿ ಅವರೇ ಆಸರೆ.

ಈಗಲ್ಸ್ ಆಗಲೇ ಹೊರಬಿದ್ದಿತ್ತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂತರ ಕೇವಲ 3 ಅಂಕ ಇದ್ದಾಗ ಕೋಚ್ ಡಗ್ ಪೀಡರ್ಸನ್ ಅವರು ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ, ಅಪರೂಪಕ್ಕೆ ಆಡುತ್ತಿದ್ದ ನೇಟ್ ಸಡ್‌ಫೆಲ್ಡ್ ಅವರನ್ನು ಇಳಿಸಿದರು. ಚೆಂಡು ಎದುರಾಳಿಯ ಪಾಲಾಗುತ್ತ ಹೋಯಿತು. ವಾಷಿಂಗ್ಟನ್ 20-14ರಿಂದ ಗೆದ್ದು, 7 ಗೆಲುವು 9 ಸೋಲಿನೊಂದಿಗೆ ಪ್ಲೇಆಫ್‌ಗೆ ಹೋಯಿತು. ಸೋತ ಈಗಲ್ಸ್‌ಗೆ ಡ್ರಾಫ್ಟ್‌ನಲ್ಲಿ 9ರ ಬದಲು 6ನೇ ಸರದಿ ಸಿಕ್ಕಿತು.

ಗೆಲ್ಲಲೆಂದೇ ಆಡಿದೆವು, ಸಡ್‌ಫೆಲ್ಡ್‌ಗೆ ಅವಕಾಶ ಸಿಗಬೇಕಿತ್ತು ಎಂಬುದು ಪೀಡರ್ಸನ್ ಸಮಜಾಯಿಷಿ. ಜೈಂಟ್ಸ್ ಅಭಿಮಾನಿಗಳು ಒಪ್ಪಲಿಲ್ಲ, ಫಿಲಡೆಲ್ಫಿಯಾದ ಹಲವರಿಗೂ ಅದು ಹಿಡಿಸಲಿಲ್ಲ. ಎಂಟೇ ದಿನಗಳಲ್ಲಿ ಪೀಡರ್ಸನ್ ಕೆಲಸ ಹೋಯಿತು. ಆ 6ನೇ ಸರದಿಯನ್ನು ಮಾರಿಕೊಂಡು, ಮತ್ತೆ ವಿನಿಮಯ ಮಾಡಿಕೊಂಡು 10ನೇ ಸ್ಥಾನಕ್ಕೆ ಬಂದ ಈಗಲ್ಸ್, 11ನೇ ಸರದಿಯಲ್ಲಿ ಕಾಯುತ್ತಿದ್ದ ಜೈಂಟ್ಸ್ ಕಣ್ಣೆದುರೇ ಡಿವೊಂಟಾ ಸ್ಮಿತ್ ಅವರನ್ನು ಆರಿಸಿಕೊಂಡಿತು. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಈಗಲ್ಸ್ 40-22ರಿಂದ ಚಾಂಪಿಯನ್ ಆದಾಗ ಹರ್ಟ್ಸ್ ಎಸೆದ 46 ಯಾರ್ಡ್‌ಗಳ ಟಚ್‌ಡೌನ್ ಚೆಂಡು ಹಿಡಿದವರು ಇದೇ ಸ್ಮಿತ್. ಜೈಂಟ್ಸ್ ಬೆಂಬಲಿಗರ ಗಾಯಕ್ಕೆ ಉಪ್ಪು ಸವರಿದಂತಾಯಿತು.

ತಮ್ಮ ತಂಡ ಗೆದ್ದಿದ್ದಕ್ಕೇ ಬೇಸರ!

ಇನ್ನೊಂದು ವಿಚಿತ್ರ ನೋಡಿ. 2020ರ ಸೀಸನ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ಆಡಿದ 13 ಪಂದ್ಯಗಳನ್ನೂ ಸೋತಿತ್ತು. ಅಭಿಮಾನಿಗಳಿಗೆ ಉಳಿದಿದ್ದ ಒಂದೇ ಆಸೆ ಡ್ರಾಫ್ಟ್‌ನ ಮೊದಲ ಸರದಿ. ಆ ವರ್ಷ ಕಾಲೇಜು ಆಟದಲ್ಲಿ ಮನೆಮಾತಾಗಿದ್ದ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಆಗ ಅವರ ಪಾಲಾಗುತ್ತಿದ್ದರು. ಡಿಸೆಂಬರ್ 20ರಂದು ಜೆಟ್ಸ್ ಬಲಿಷ್ಠ ರ‍್ಯಾಮ್ಸ್ ತಂಡವನ್ನು 23-20ರಿಂದ ಸೋಲಿಸಿಬಿಟ್ಟಿತು! ಆಟಗಾರರು ಕುಣಿದರು, ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತರು. ಜಾಕ್ಸನ್‌ವಿಲ್ ಜಾಗ್ವಾರ್ಸ್ ಸೋಲುತ್ತಲೇ ಹೋಗಿ ಮೊದಲ ಸರದಿ ಪಡೆದು ಲಾರೆನ್ಸ್ ಅವರನ್ನು ಕರೆದೊಯ್ದಿತು. ಎರಡನೇ ಸರದಿಯಲ್ಲಿ ಜೆಟ್ಸ್ ಆರಿಸಿದ ಜ್ಯಾಕ್ ವಿಲ್ಸನ್ ಮೂರು ಸೀಸನ್‌ಗಳ ನಂತರ ಬೇರೆ ತಂಡ ಸೇರಬೇಕಾಯಿತು.

ಅಂದು ಜೆಟ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಸ್ಯಾಮ್ ಡಾರ್ನಾಲ್ಡ್. ಲಾರೆನ್ಸ್ ಬಂದರೆ ಮೊದಲು ಹೋಗುವುದು ಅವರದೇ ಕುರ್ಚಿ. ತನ್ನ ಜಾಗಕ್ಕೆ ಇನ್ನೊಬ್ಬನನ್ನು ತರಲೆಂದು ಯಾವ ಆಟಗಾರ ತಾನೇ ಸೋಲುತ್ತಾನೆ?

ಹಾಗಾದರೆ ತಂಡಗಳು ಬೇಕೆಂದೇ ಸೋಲುತ್ತವೆಯೇ?

ಡಾರ್ನಾಲ್ಡ್ ಉದಾಹರಣೆಯಲ್ಲೇ ಉತ್ತರದ ಬಹುಪಾಲು ಇದೆ. ಡ್ರಾಫ್ಟ್ ಸರದಿಯಿಂದ ಲಾಭವಾಗುವುದು ತಂಡದ ಮಾಲೀಕರಿಗೆ ಮತ್ತು ಮುಂದಿನ ವರ್ಷಗಳಲ್ಲೂ ಅಲ್ಲೇ ಇರುವ ಅಭಿಮಾನಿಗಳಿಗೆ. ಆಟಗಾರನಿಗಲ್ಲ. ಎನ್‌ಎಫ್‌ಎಲ್‌ನಲ್ಲಿ ಹೆಚ್ಚಿನ ಒಪ್ಪಂದಗಳ ಪೂರ್ತಿ ಹಣಕ್ಕೆ ಖಾತರಿ ಇರುವುದಿಲ್ಲ. ಪ್ರತಿ ಪಂದ್ಯದ ವಿಡಿಯೊವನ್ನೂ ಉಳಿದ 31 ತಂಡಗಳು ನೋಡುತ್ತವೆ. ಅದೇ ಆತನ ಮುಂದಿನ ಕೆಲಸದ ಅರ್ಜಿ. ಜೆಟ್ಸ್ ಕೈಬಿಟ್ಟ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ 14 ಗೆಲುವು ತಂದುಕೊಟ್ಟರು.

ಆದರೂ ಯಾರನ್ನು ಆಡಿಸಬೇಕು, ಯಾರಿಗೆ ವಿಶ್ರಾಂತಿ ಕೊಡಬೇಕು ಎಂಬುದು ತಂಡದ ಆಡಳಿತದ ಕೈಯಲ್ಲಿರುತ್ತದೆ. ಅನುಮಾನ ಹುಟ್ಟುವುದು ಅಲ್ಲೇ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1985ರಿಂದಲೇ ಡ್ರಾಫ್ಟ್‌ನ ಮೊದಲ ಸರದಿಗಳಿಗೆ ಲಾಟರಿ ಎತ್ತುತ್ತದೆ. ಕೊನೆಯ ಸ್ಥಾನ ಪಡೆದರೂ ಮೊದಲ ಆಯ್ಕೆ ಖಚಿತವಲ್ಲ ಎಂದಾದರೆ ಸೋಲಿನ ಆಸೆ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅದು. ಎನ್‌ಎಫ್‌ಎಲ್‌ನಲ್ಲಿ ಲಾಟರಿ ಇಲ್ಲ. ಮಾಲೀಕರ ಆಸೆಗೆ ಅಡ್ಡ ನಿಲ್ಲುವುದು ಮುಖ್ಯವಾಗಿ ಆಟಗಾರನ ಸ್ವಾಭಿಮಾನ ಮತ್ತು ಹೊಟ್ಟೆಪಾಡು.

ಮುಂದಿನ ಸೀಸನ್ ನೋಡುವವರಿಗೆ

ಅಮೆರಿಕದ ಭಾನುವಾರ ರಾತ್ರಿಯ ಕೊನೆಯ ಪಂದ್ಯ ಚಳಿಗಾಲದಲ್ಲಿ ನಮಗೆ ಸೋಮವಾರ ಬೆಳಗ್ಗೆ 6.50ರ ಹೊತ್ತಿಗೆ ಶುರು. ಕಾಫಿ ಹೀರುತ್ತ ನೋಡಬಹುದು. ಜನವರಿ ಮೊದಲ ವಾರಗಳಲ್ಲಿ ನೋಡುವುದಾದರೆ ಮೈದಾನದಲ್ಲಿರುವ ಎರಡು ತಂಡಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ. ಈ ಪಂದ್ಯಕ್ಕಾಗಿ ಕಾಯುತ್ತಿರುವ ಮೂರನೇ ತಂಡ ಯಾವುದು? ಸೋತರೆ ಲಾಭವಾಗುವ ತಂಡ ಯಾವುದು?

ಬಫಲೋ ಜನ 17 ಡಾಲರ್ ಕಳುಹಿಸಿದ್ದು ಏಕೆಂದು ಆಗ ಅರ್ಥವಾಗುತ್ತದೆ. ಆ ಪಂದ್ಯ ಸೋತಿದ್ದರೆ ಬೆಂಗಲ್ಸ್‌ಗೆ ಡ್ರಾಫ್ಟ್‌ನಲ್ಲಿ ಇನ್ನೂ ಮುಂದಿನ ಸರದಿ ಸಿಗಬಹುದಿತ್ತು. ಡಾಲ್ಟನ್‌ಗೆ ಆ ಎಸೆತದಿಂದ ಪ್ಲೇಆಫ್ ಇಲ್ಲ, ಬಹುಮಾನವೂ ಇಲ್ಲ. ಆದರೂ ಅವರು ಗೆಲ್ಲಲೆಂದೇ ಎಸೆದರು.