ಕೊಳಚೆ ನೀರಿನ ಗುಣಲಕ್ಷಣಗಳು: ನಮ್ಮ ನೈರೋಬಿಯ ಉದಾಹರಣೆ

ನೈರೋಬಿ ಎಂಬ ಹೆಸರು ಮಸಾಯಿ ಭಾಷೆಯಿಂದ ಬಂದದ್ದು. 'ತಣ್ಣನೆಯ ನೀರು' ಎಂದು ಅದರ ಅರ್ಥ. 1899ರಲ್ಲಿ ರೈಲುಮಾರ್ಗ ಹಾಕುವವರು ಇಲ್ಲಿ ಬೀಡುಬಿಟ್ಟಾಗ ಈ ಹೆಸರು ಸರಿಯಾಗಿಯೇ ಒಪ್ಪುತ್ತಿತ್ತು. ಇಂದು ಗಿಕೊಂಬಾ ಮಾರುಕಟ್ಟೆಯ ಬಳಿ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಈ ಹೆಸರು ನೆನಪಾದರೆ ಬೇಸರವಾಗುವುದು ಸಹಜ. ಆದರೆ 'ನೀರು ಕೊಳಕಾಗಿದೆ' ಎಂದಷ್ಟೇ ಹೇಳಿದರೆ ವಿಜ್ಞಾನಕ್ಕೆ ಸಾಲದು. ಎಷ್ಟು ಕೊಳಕು, ಯಾವ ಬಗೆಯ ಕೊಳಕು, ಅದು ಮನೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬುದನ್ನು ಅಳೆದು ಹೇಳಬೇಕು.

ಮೊದಲು ಮನೆಯ ತ್ಯಾಜ್ಯ ನೀರನ್ನು ನೋಡೋಣ. ಅಡುಗೆಮನೆ, ಬಚ್ಚಲು, ಶೌಚಾಲಯಗಳಿಂದ ಹೊರಬರುವ ಈ ನೀರಿನಲ್ಲಿ ಶೇಕಡಾ 99.9ರಷ್ಟು ಬರೀ ನೀರೇ! ಒಂದು ಲೀಟರಿನಲ್ಲಿ ಕಶ್ಮಲ ಇರುವುದು ಸುಮಾರು ಒಂದು ಗ್ರಾಂ ಮಾತ್ರ. ಆ ಒಂದು ಗ್ರಾಂ ಮಾಡುವ ಅನಾಹುತವೇ ನಮ್ಮ ವಿಷಯ. ಹೊಸದಾಗಿ ಹೊರಬಿದ್ದ ಕೊಳಚೆ ಬೂದು ಬಣ್ಣದ್ದು, ಅದರ ವಾಸನೆಯೂ ಅಷ್ಟು ಕಟುವಲ್ಲ. ಕೆಲವು ಗಂಟೆ ಕೊಳವೆಯಲ್ಲಿ ನಿಂತರೆ ಅದರಲ್ಲಿನ ಆಮ್ಲಜನಕ ಮುಗಿದು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ್ದು. ಕೊಳವೆಯ ಒಳಮೇಲ್ಭಾಗದಲ್ಲಿ ಅದು ಗಂಧಕಾಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನೇ ತಿಂದುಹಾಕುತ್ತದೆ.

ಕೊಳಚೆಯ ಬಲವನ್ನು ಅಳೆಯುವ ಮುಖ್ಯ ಅಳತೆಗೋಲು ಬಿ.ಓ.ಡಿ. ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕಶ್ಮಲವನ್ನು ತಿನ್ನುವಾಗ ನಮ್ಮಂತೆಯೇ ಉಸಿರಾಡುತ್ತವೆ. ಒಂದು ಲೀಟರ್ ನೀರಿನಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ, 5 ದಿನಗಳಲ್ಲಿ ಅವು ಎಷ್ಟು ಮಿಲಿಗ್ರಾಂ ಆಮ್ಲಜನಕವನ್ನು ಬಳಸುತ್ತವೆ ಎಂಬುದೇ ಬಿ.ಓ.ಡಿ. ಐದೇ ದಿನ ಏಕೆ? ಬ್ರಿಟನ್ನಿನ ನದಿಗಳ ನೀರು ಸಮುದ್ರ ಸೇರಲು ಹೆಚ್ಚೆಂದರೆ ಐದು ದಿನ ಸಾಕು ಎಂಬ ಲೆಕ್ಕದಿಂದ ಇದು ಬಂತೆಂದು ಪುಸ್ತಕಗಳು ಹೇಳುತ್ತವೆ. 1898ರಲ್ಲಿ ನೇಮಕವಾದ ಅಲ್ಲಿನ ರಾಯಲ್ ಕಮಿಷನ್ 1912ರ ವರದಿಯಲ್ಲಿ ಮಿತಿಗಳನ್ನು ಸೂಚಿಸಿತು. ಅದೇ ಪರೀಕ್ಷೆ ಇಂದು ನೈರೋಬಿಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತಿದೆ.

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡಿ. ಹಾಲಿನ ಬಿ.ಓ.ಡಿ. ಲೀಟರಿಗೆ ಸುಮಾರು 1,00,000 ಮಿಲಿಗ್ರಾಂ. 200 ಮಿಲಿಲೀಟರಿನ ಒಂದು ಲೋಟ ಹಾಲನ್ನು ಸಿಂಕಿಗೆ ಸುರಿದರೆ ಅದು ಕೇಳುವ ಆಮ್ಲಜನಕ 20,000 ಮಿಲಿಗ್ರಾಂ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಊರು ಸುಮಾರು 1,700 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಹಿಡಿಯುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. 20,000ವನ್ನು 7.5ರಿಂದ ಭಾಗಿಸಿದರೆ ಎಷ್ಟು? ಒಂದು ಲೋಟ ಹಾಲು 2,600 ಲೀಟರಿಗೂ ಹೆಚ್ಚು ಶುದ್ಧ ನದಿನೀರಿನ ಉಸಿರನ್ನು ಕಸಿದುಕೊಳ್ಳಬಲ್ಲದು! ಹಬ್ಬದ ದಿನ ಉಳಿದ ಪಾಯಸದ ಪಾತ್ರೆಗೂ ಇದೇ ಲೆಕ್ಕ ಅನ್ವಯಿಸುತ್ತದೆ, ತಾಯಂದಿರು ಗಮನಿಸಬೇಕು.

ಒಬ್ಬ ಮನುಷ್ಯ ದಿನಕ್ಕೆ ಸುಮಾರು 45 ಗ್ರಾಂ ಬಿ.ಓ.ಡಿ.ಯನ್ನು ಕೊಳಚೆಗೆ ಸೇರಿಸುತ್ತಾನೆ ಎಂದಿಟ್ಟುಕೊಳ್ಳಿ. ಅವನು 200 ಲೀಟರ್ ನೀರು ಬಳಸಿದರೆ ಕೊಳಚೆಯ ಬಲ ಲೀಟರಿಗೆ 225 ಮಿಲಿಗ್ರಾಂ, 100 ಲೀಟರ್ ಬಳಸಿದರೆ 450. ನಲ್ಲಿ ವಾರಕ್ಕೆ ಎರಡೇ ದಿನ ಬರುವ ಬಡಾವಣೆಗಳ ಕೊಳಚೆ ಹೆಚ್ಚು ಗಟ್ಟಿಯಾಗಿರುವುದಕ್ಕೆ ಇದೇ ಕಾರಣ. ಅಲ್ಲಿಯ ಜನ ಹೆಚ್ಚು ಕೊಳಕು ಎಂದು ತಿಳಿಯುವುದು ಅನ್ಯಾಯ.

ಇನ್ನು ಕಾರ್ಖಾನೆಗಳ ತ್ಯಾಜ್ಯ ನೀರು. ಮನೆಯ ಕೊಳಚೆ ಊರಿಂದೂರಿಗೆ ಹೆಚ್ಚುಕಡಿಮೆ ಒಂದೇ ಬಗೆ, ಕಾರ್ಖಾನೆಯದು ಹಾಗಲ್ಲ. ಕಸಾಯಿಖಾನೆಯಿಂದ ರಕ್ತ ಮತ್ತು ಕೊಬ್ಬು, ಚರ್ಮ ಹದ ಮಾಡುವಲ್ಲಿಂದ ಕ್ರೋಮಿಯಂ, ಬಟ್ಟೆ ಗಿರಣಿಯಿಂದ ಬಣ್ಣ ಮತ್ತು ಕ್ಷಾರ, ಗ್ಯಾರೇಜುಗಳಿಂದ ಎಣ್ಣೆ ಬರುತ್ತವೆ. ಕಿರಿನ್ಯಾಗಾ ರಸ್ತೆಯ ಗ್ಯಾರೇಜುಗಳ ಹಿಂದೆಯೇ ನದಿ ಹರಿಯುತ್ತದೆ. ಕಿಯಾಂಬುವಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು ಹುಳಿ, ಅದರ ಬಿ.ಓ.ಡಿ. ಸಾವಿರಗಳಲ್ಲಿರುತ್ತದೆ. ಕೊಡಗು, ಚಿಕ್ಕಮಗಳೂರು ಕಡೆಯಿಂದ ಬಂದವರಿಗೆ ಪಲ್ಪಿಂಗ್ ಕಾಲದಲ್ಲಿ ತೊರೆಗಳಲ್ಲೇಳುವ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಮೋಸವಿದೆ. ಕ್ರೋಮಿಯಂ, ಸೀಸ, ಸಯನೈಡ್‌ಗಳಂತಹ ವಿಷವಿದ್ದರೆ ಪರೀಕ್ಷೆಯ ಬಾಟಲಿಯಲ್ಲಿರುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಸತ್ತವು ಉಸಿರಾಡುವುದಿಲ್ಲ, ಆದ್ದರಿಂದ ಬಿ.ಓ.ಡಿ. ಕಡಿಮೆ ಬರುತ್ತದೆ, ನೀರು ಒಳ್ಳೆಯದೆಂಬ ಭ್ರಮೆ ಹುಟ್ಟುತ್ತದೆ. ಅದಕ್ಕೇ ಸಿ.ಓ.ಡಿ. ಎಂಬ ಇನ್ನೊಂದು ಪರೀಕ್ಷೆ. ಇದರಲ್ಲಿ ಪೊಟಾಸಿಯಂ ಡೈಕ್ರೋಮೇಟ್ ಎಂಬ ರಾಸಾಯನಿಕವನ್ನು ಆಮ್ಲದೊಡನೆ ಸೇರಿಸಿ, ಎರಡು ಗಂಟೆ ಕಾಯಿಸಿ ಕಶ್ಮಲವನ್ನು ಉತ್ಕರ್ಷಿಸುತ್ತಾರೆ. ಮನೆಯ ಕೊಳಚೆಯಲ್ಲಿ ಸಿ.ಓ.ಡಿ. ಸಾಮಾನ್ಯವಾಗಿ ಬಿ.ಓ.ಡಿ.ಯ ಎರಡರಷ್ಟು. ನಾಲ್ಕೈದು ಪಟ್ಟಿದ್ದರೆ ಎಲ್ಲೋ ಒಂದು ಕಾರ್ಖಾನೆ ಸೇರಿದೆ ಎಂದು ಪರೀಕ್ಷಕರು ಅನುಮಾನಿಸುತ್ತಾರೆ. ಕೀನ್ಯಾ ಸರ್ಕಾರದ 2006ರ ಜಲಗುಣಮಟ್ಟ ನಿಯಮಗಳು ಪರಿಸರಕ್ಕೆ ಬಿಡುವ ನೀರಿಗೆ ಬಿ.ಓ.ಡಿ. 30, ಸಿ.ಓ.ಡಿ. 50 ಎಂಬ ಮಿತಿ ಹಾಕಿದವು. ಸಾರ್ವಜನಿಕ ಒಳಚರಂಡಿಗೆ ಬಿಡುವುದಾದರೆ 500 ಮತ್ತು 1,000. ಉಳಿದ ಕೆಲಸ ಶುದ್ಧೀಕರಣ ಘಟಕದ್ದು ಎಂಬ ಭರವಸೆಯ ಮೇಲೆ ಈ ರಿಯಾಯಿತಿ.

ಆ ಘಟಕಗಳಲ್ಲಿ ದೊಡ್ಡದು ರುವಾಯಿಯಲ್ಲಿದೆ. ಹೆಸರು ಮಾತ್ರ ದಂಡೋರಾ. ಇದನ್ನು ದಂಡೋರಾದ ಕಸದ ಬೆಟ್ಟದೊಂದಿಗೆ ಗೊಂದಲಿಸಿಕೊಳ್ಳಬಾರದು. ದಿನಕ್ಕೆ 16 ಕೋಟಿ ಲೀಟರ್ ಸಂಸ್ಕರಿಸುವಂತೆ ಇದನ್ನು ಯೋಜಿಸಲಾಗಿದೆ. ಇಲ್ಲಿ ಶುದ್ಧೀಕರಣ ನಡೆಯುವುದು ಸಾಲುಸಾಲು ಕೊಳಗಳಲ್ಲಿ. ಆಳವಾದ ಮೊದಲ ಕೊಳಗಳಲ್ಲಿ ಮಡ್ಡಿ ತಳಕ್ಕಿಳಿದು ಕೊಳೆಯುತ್ತದೆ. ಮುಂದಿನವುಗಳಲ್ಲಿ ಬಿಸಿಲಿನಿಂದ ಬೆಳೆದ ಪಾಚಿ ಆಮ್ಲಜನಕ ಕೊಡುತ್ತದೆ, ಸೂಕ್ಷ್ಮಜೀವಿಗಳು ಆ ಆಮ್ಲಜನಕದಿಂದ ಕಶ್ಮಲ ತಿನ್ನುತ್ತವೆ. ಕೊನೆಯ ಕೊಳಗಳಲ್ಲಿ ಬಿಸಿಲೇ ರೋಗಾಣುಗಳನ್ನು ಕೊಲ್ಲುತ್ತದೆ. ಪಕ್ಷಿವೀಕ್ಷಕರಿಗಂತೂ ಇದು ಪ್ರಿಯವಾದ ತಾಣ. ಸಮಭಾಜಕದ ಬಿಸಿಲಿರುವ ಊರಿಗೆ ಇದಕ್ಕಿಂತ ಜಾಣ ಉಪಾಯ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಆದರೆ ಕೊಳಗಳಿಗೆ ಲೋಹಗಳನ್ನು 'ತಿನ್ನಲು' ಬರುವುದಿಲ್ಲ. ಅವು ಕೆಸರಿನಲ್ಲಿ ಕೂರುತ್ತವೆ, ಇಲ್ಲವೇ ಮುಂದೆ ಹರಿಯುತ್ತವೆ.

ಕೊಳಗಳನ್ನು ತಲುಪದ ಕೊಳಚೆಯದೇ ದೊಡ್ಡ ಚಿಂತೆ. ಕಿಬೇರಾ, ಮುಕುರುಗಳಂತಹ ಬಡಾವಣೆಗಳಲ್ಲಿ ಹೆಚ್ಚಿನ ಮನೆಗಳಿಗೆ ಒಳಚರಂಡಿಯೇ ಇಲ್ಲ. 1953ರಲ್ಲಿ ಕಟ್ಟಿದ ನೈರೋಬಿ ಡ್ಯಾಮಿನಲ್ಲಿ ಹಿಂದೆ ದೋಣಿ ವಿಹಾರ ನಡೆಯುತ್ತಿತ್ತು. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಅಲ್ಲಿ ಗೊಬ್ಬರವಾಗಿ, ಅಂತರಗಂಗೆ ಬೆಳೆದು ನೀರೇ ಕಾಣದಂತಾಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ಕತೆಯೂ ಇಂಥದ್ದೇ. ಅಲ್ಲಿ ನೊರೆ ರಸ್ತೆಗೆ ಹಾರಿತು, 2015, 2017 ಮತ್ತು 2018ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಅದೇ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಇಲ್ಲಿಯೂ 2025ರಲ್ಲಿ ನೈರೋಬಿ ನದಿಯ ಪುನಶ್ಚೇತನ ಕಾರ್ಯಕ್ರಮ ಆರಂಭವಾಯಿತು. ನದಿಯುದ್ದಕ್ಕೂ ಹೊಸ ಒಳಚರಂಡಿ ಕೊಳವೆಗಳನ್ನು ಹಾಕುವುದು ಅದರ ಒಂದು ಭಾಗ.

ಪೋಷಕರು ತಿಳಿದಿರಬೇಕಾದ ಇನ್ನೊಂದು ವಿಷಯ. ಒಣಗಾಲದಲ್ಲಿ ರೈತರು ಕೊಳಚೆ ನೀರಿನಿಂದಲೇ ಸುಕುಮಾ ವಿಕಿ ಮುಂತಾದ ಸೊಪ್ಪು ಬೆಳೆಯುವುದುಂಟು. ಮೈಲಿ ಸಾಬಾ ಎಂಬಲ್ಲಿ ಒಳಚರಂಡಿಯ ಕೊಳವೆಯನ್ನೇ ತಡೆದು ಹೊಲಕ್ಕೆ ತಿರುಗಿಸಿದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಅವರನ್ನು ದೂರುವುದು ಸುಲಭ, ಆದರೆ ಅವರಿಗೆ ಬೇರೆ ನೀರೂ ಇಲ್ಲ, ಬೇರೆ ಗೊಬ್ಬರವೂ ಇಲ್ಲ. ಮನೆಯ ಕೊಳಚೆಯಿಂದ ಬೆಳೆದ ಸೊಪ್ಪಿನಲ್ಲಿರುವುದು ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆ. ಚೆನ್ನಾಗಿ ತೊಳೆದು ಬೇಯಿಸಿದರೆ ಅವು ಸಾಯುತ್ತವೆ. ಹಸಿಯಾಗಿ ಕೋಸಂಬರಿ ಮಾಡಿದರೆ ಸಾಯುವುದಿಲ್ಲ. ಕಾರ್ಖಾನೆಯ ನೀರಿನಿಂದ ಬಂದ ಸೀಸ, ಕ್ಯಾಡ್ಮಿಯಂ ಎಷ್ಟು ಕುದಿಸಿದರೂ ಸೊಪ್ಪಿನಲ್ಲೇ ಉಳಿಯುತ್ತವೆ.

ನೈರೋಬಿ ನದಿ ಮುಂದೆ ಆಥಿ ನದಿಯನ್ನು ಸೇರುತ್ತದೆ. ಆಥಿಯೇ ಗಲಾನಾ, ಬಳಿಕ ಸಬಾಕಿ ಎಂದು ಹೆಸರು ಬದಲಿಸಿಕೊಂಡು ಮಾಲಿಂದಿಯ ಉತ್ತರಕ್ಕೆ ಹಿಂದೂ ಮಹಾಸಾಗರವನ್ನು ಕೂಡುತ್ತದೆ. ರಜೆಯಲ್ಲಿ ಮಾಲಿಂದಿಗೆ ಹೋದಾಗ ಕಾಣುವ ಕೆಂಪು ನೀರು ಕೊಳಚೆಯಲ್ಲ, ಕೊಚ್ಚಿ ಬಂದ ಮಣ್ಣು.