ತದಡಿಯಿಂದ ಗೋಕರ್ಣಕ್ಕೆ: ಬೋರ್ಡಿಲ್ಲದ ಕಾಲುದಾರಿ

ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್ ನೋಡದವರು ಈಗ ಕಡಿಮೆ. ವಾರಾಂತ್ಯ ಬಂದರೆ ಬೆಂಗಳೂರಿನ ಟ್ರೆಕ್ಕಿಂಗ್ ತಂಡಗಳು ಬಸ್ ತುಂಬಿಸಿಕೊಂಡು ಹೊರಡುತ್ತವೆ. ಇವರೆಲ್ಲ 'ಬೀಚ್ ಟ್ರೆಕ್' ಅಂತ ಕರೆಯುವ ಗುಡ್ಡದಂಚಿನ ದಾರಿ ಬೇರೆಯವರದ್ದು. ಅಘನಾಶಿನಿ ನದಿ ಕಡಲು ಸೇರುವ ತದಡಿ, ಅದರ ಪಕ್ಕದ ಬೇಲೆಕಾನ್, ಈ ಕಡೆ ಗೋಕರ್ಣ – ಇಲ್ಲಿನ ಜನರಿಗೆ ಅದು ಓಡಾಟದ ದಾರಿ. ಸುಮಾರು ಹತ್ತು ಕಿ.ಮೀ.; ನಿಧಾನಕ್ಕೆ ನಡೆದರೆ ಅರ್ಧ ದಿನ.

ಮಹಾಲಕ್ಷ್ಮಿ ಲೇಔಟಿನ ನಮಗೆ ಗೋಕರ್ಣ ದೂರವೇನಲ್ಲ. ಸಂಜೆ ಯಶವಂತಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್. ಕಳೆದ ಡಿಸೆಂಬರಿನಲ್ಲಿ ಅಮ್ಮನೂ ಬಂದಿದ್ದರು. ಅವರಿಗೆ ಬೇಕಿದ್ದದ್ದು ಮಹಾಬಲೇಶ್ವರನ ದರ್ಶನ. "ನಡೆದೇ ಹೋದರೆ ಪುಣ್ಯ ಜಾಸ್ತಿ ಅಲ್ವಾ" ಅಂದಿದ್ದಕ್ಕೆ ನಕ್ಕು ಒಪ್ಪಿದರು. ಮೊದಲ ದಿನ ಊರಲ್ಲಿ ಉಳಿದು, ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ತದಡಿಯಲ್ಲಿದ್ದೆವು. ಈ ಕಡೆಯಿಂದ ಹೊರಟರೆ ಬೆಳಗಿನ ಬಿಸಿಲು ಬೆನ್ನಿಗಿರುತ್ತೆ. ಕಡಲು ಎಡಕ್ಕೆ, ಗುಡ್ಡ ಬಲಕ್ಕೆ.

ತದಡಿಯಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಬಂದರಿನಲ್ಲಿ ದೋಣಿಗಳು, ಆಚೆ ದಡದಲ್ಲಿ ಅಘನಾಶಿನಿ ಎಂಬ ಹೆಸರಿನದೇ ಊರು. ಶಿರಸಿ ಸೀಮೆಯಲ್ಲಿ ಹುಟ್ಟುವ ಈ ನದಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಇಲ್ಲಿ ಕಡಲು ಸೇರುತ್ತದೆ. ಅಳಿವೆಯ ಕೆಸರಿನಲ್ಲಿ ಹೆಂಗಸರು ಚಿಪ್ಪಿ ಆರಿಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತದಡಿಗೆ ಬರುವುದರಲ್ಲಿತ್ತು. ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಬೇಲೆಕಾನ್ ದಾಟಿದ ಮೇಲೆ ಏರು ಶುರು. ಕಾಲಡಿಯಲ್ಲಿ ಚಿರೇಕಲ್ಲು, ಕರಾವಳಿಯ ಮನೆ ಗೋಡೆಗಳ ಅದೇ ಕೆಂಪು ಕಲ್ಲು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ 'ಲ್ಯಾಟರೈಟ್' ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ. ನೆಲದೊಳಗೆ ಮೆತ್ತಗೆ, ಗಾಳಿಗೆ ಬಿದ್ದರೆ ಗಟ್ಟಿ. ಆದರೆ ಮೈತುಂಬ ತೂತು. ಮಳೆನೀರು ಒಳಗಿಳಿದು ಅಡಿಯ ಮಣ್ಣನ್ನು ಕೊಚ್ಚುತ್ತೆ, ಕೆಳಗೆ ಅಲೆ ಬುಡ ಕೊರೆಯುತ್ತೆ. ಹಾಗಾಗಿ ಮೇಲಿನಿಂದ ಗಟ್ಟಿಯಾಗಿ ಕಾಣುವ ಅಂಚು ಒಳಗೆ ಪೊಳ್ಳಾಗಿರಬಹುದು. ಸೆಲ್ಫಿಗಾಗಿ ತುದಿಗೆ ಹೋಗಬೇಡಿ. ದಾರಿ ಎಲ್ಲಿ ಒಳಗೆ ಸರಿದಿದೆಯೋ ಅಲ್ಲಿ ನೀವೂ ಸರಿಯಿರಿ. ದಿನವೂ ನಡೆಯುವವರು ಸುಮ್ಮನೆ ಬಳಸು ದಾರಿ ಹಿಡಿಯೋದಿಲ್ಲ.

ಪ್ಯಾರಡೈಸ್ ಬೀಚಿನ ಹತ್ತಿರ ಬುಟ್ಟಿ ಹಿಡಿದ ಹೆಂಗಸೊಬ್ಬರು ಎದುರಾದರು. ಅಮ್ಮನ ಸೀರೆ, ಕ್ಯಾನ್ವಾಸ್ ಶೂ ನೋಡಿ ನಿಂತರು. "ಎಲ್ಲಿಗೆ ಹೋಗೂದು ಅಕ್ಕಾ?" ದೇವಸ್ಥಾನಕ್ಕೆ ಅಂದಾಗ ಅವರಿಗೆ ಖುಷಿಯಾಯಿತು. ತಮ್ಮ ತಾಯಿ ಇದೇ ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತು ಗೋಕರ್ಣಕ್ಕೆ ಹೋಗುತ್ತಿದ್ದರಂತೆ. ಈಗ ಟೆಂಪೋ ಬಂದಿದೆ, ನಡೆಯುವವರು ಕಡಿಮೆ. ಹೊರಡುವಾಗ ಅಮ್ಮನಿಗೆ ಹೇಳಿದರು: "ಬಂಡೆ ಕೆಳಗಿಂದ ಹೋಗ್ಬೇಡಿ, ನೀರು ಏರೂಕೆ ಸುರು ಆಗೀದು. ಮೇಲಿನ ದಾರೀಲೇ ಹೋಗಿ."

ಇಲ್ಲಿ ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಏರುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನಾನು ಆ್ಯಪ್‌ನಲ್ಲಿ ಹುಡುಕಿದ್ದನ್ನು ಅಮ್ಮ ಅಡುಗೆಮನೆಯ ಕ್ಯಾಲೆಂಡರ್ ನೋಡಿ ಮೊದಲೇ ಹೇಳಿದ್ದರು: "ಹುಣ್ಣಿಮೆ ಹತ್ತಿರ ಇದೆ, ನೀರು ಜೋರಿರುತ್ತೆ."

ಆ ಹೆಂಗಸಿನ ಮಾತು ನನ್ನ ತಲೆಯಲ್ಲಿ ಉಳಿಯಿತು. ನಡೆಯುವವರು ಕಡಿಮೆಯಾದರೆ ದಾರಿಯ ಗತಿ ಏನು? ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿ ಇಂಥದೇ ಒಂದು ದಾರಿ ಇದೆ, 1,014 ಕಿ.ಮೀ. ಉದ್ದ. ಕಳ್ಳಸಾಗಣೆ ಹಿಡಿಯಲು ಗಸ್ತು ತಿರುಗುತ್ತಿದ್ದ ಕಾವಲುಗಾರರ ಹೆಜ್ಜೆಯಿಂದ ಅದರ ಬಹುಭಾಗ ಮೂಡಿತು. ಅವರ ಕಾಲ ಮುಗಿದರೂ ದಾರಿ ಉಳಿಯಿತು. 2009ರಲ್ಲಿ ಇಂಗ್ಲೆಂಡಿನ ಕರಾವಳಿಯುದ್ದಕ್ಕೂ ನಡೆಯುವ ಹಕ್ಕಿಗೇ ಕಾಯ್ದೆ ಬಂತು. ನಮ್ಮಲ್ಲಿ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. 2011ರ ಅಧಿಸೂಚನೆಯಲ್ಲಿ, ಎರಡು ರೆಸಾರ್ಟ್‌ಗಳ ನಡುವೆ ಜನ ಬೀಚಿಗೆ ಹೋಗಲು ಕನಿಷ್ಠ 20 ಮೀಟರ್ ಜಾಗ ಬಿಡಬೇಕು ಅಂತಿದೆ. ಒಳ್ಳೆಯದೇ. ಆದರೆ ಅದು ರಸ್ತೆಯಿಂದ ಕಡಲಿಗೆ ಇಳಿಯುವ ದಾರಿಯ ಮಾತು. ಗುಡ್ಡದಂಚಿನಲ್ಲಿ ಊರಿಂದೂರಿಗೆ ಹೋಗುವ ಕಾಲುದಾರಿಗೆ ಒಂದು ಬೇಲಿ ಅಡ್ಡ ಬಂದರೂ ಸಾಕು, ತುಂಡಾಗುತ್ತೆ. ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ವಾಹನ ಹೋಗೋದಿಲ್ಲ. ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು. ದಾರಿ ತುಂಡಾದರೆ ಕಡಲು ದುಡ್ಡು ಕೊಟ್ಟವರದ್ದಷ್ಟೇ ಆಗುತ್ತೆ.

ಅದಕ್ಕೇ ಹೋಗಿ, ನಡೆಯಿರಿ ಅಂತೀನಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್, ಜುಲೈ ಬೇಡವೇ ಬೇಡ. ಯಾಂತ್ರಿಕ ದೋಣಿಗಳಿಗೇ ಆಗ 61 ದಿನ ನಿಷೇಧ. ತಲಾ ಎರಡು ಲೀಟರ್ ನೀರು, ಹಿಡಿತವಿರುವ ಶೂ, ಟೋಪಿ ಇರಲಿ. ಬಾಟಲಿ, ಚಿಪ್ಸ್ ಕವರ್ ವಾಪಸ್ ತನ್ನಿ. ಬಂಡೆ ಸಂದಿಯಲ್ಲಿ ಒಡೆದ ಬಿಯರ್ ಬಾಟಲಿ ಚುಚ್ಚೋದು ಬರಿಗಾಲಲ್ಲಿ ನಡೆಯುವವರಿಗೆ. ತಿಂಡಿ ಊರಿನ ಹೋಟೆಲಿನಲ್ಲೇ ಮಾಡಿ. ದಾರಿ ತಪ್ಪಿದರೆ ಫೋನ್ ತೆಗೆಯುವ ಮೊದಲು ಎದುರಿಗೆ ಬಂದವರನ್ನು ಕೇಳಿ.

ಓಂ ಬೀಚಿನಲ್ಲಿ ಅಮ್ಮ ಅರ್ಧ ಗಂಟೆ ಕೂತು ಮಂಡಿ ತಿಕ್ಕಿಕೊಂಡರು. ಕುಡ್ಲೆ ದಾಟಿ ಕೊನೆಯ ಗುಡ್ಡ ಹತ್ತಿದರೆ ರಾಮತೀರ್ಥ. ಅಲ್ಲಿನ ಒರತೆಯ ನೀರಿನಲ್ಲಿ ಮುಖ ತೊಳೆದು, ಬಂದ ದಿಕ್ಕಿಗೆ ತಿರುಗಿ ಕೇಳಿದರು: "ಅಷ್ಟು ದೂರ ಆಯಮ್ಮನ ತಾಯಿ ಬುಟ್ಟಿ ಹೊತ್ಕೊಂಡು ಬರ್ತಿದ್ರಾ?"